ತಿರುಗದ ಉರುಳೆ

ಮಗ್ಗದ ಮುಂದೆ ಒಂದು ಗಳಿಗೆ ನಿಂತು ನೋಡಿದವರಿಗೆ ಲಾಳಿಯ ಓಟ ಪರಿಚಿತವಾದುದು. ಹಾಸುನೂಲಿನ ನಡುವೆ ಅದು ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ಓಡುತ್ತದೆ. ಅದರ ಹೊಟ್ಟೆಯೊಳಗೆ ಕಂಡಿಕೆಯೆಂಬ ಪುಟ್ಟ ಕೊಳವೆಗೆ ಹೊಕ್ಕುನೂಲನ್ನು ಸುತ್ತಿರುತ್ತಾರೆ. ವೇಗವಾಗಿ ಓಡುವ ಲಾಳಿಯಲ್ಲಿ ಕಂಡಿಕೆ ತಿರುಗುವುದಿಲ್ಲ. ನೂಲು ಮಾತ್ರ ಅದರ ತುದಿಯಿಂದ ಸುರುಳಿಸುರುಳಿಯಾಗಿ ಜಾರಿ ಹೊರಬರುತ್ತದೆ. ನೂಲಿನ ಕಸುಬಿನ ಈ ಸಾಮಾನ್ಯ ಸಂಗತಿಯೇ ಮೀನು ಹಿಡಿಯುವ ಗಾಳದ ರೀಲಿನ ಚರಿತ್ರೆಯನ್ನು ಬದಲಿಸಿತು.

ರೀಲು ಬಹಳ ಹಳೆಯ ಸಾಧನ. ಚೀನದ ಚಿತ್ರಕಾರ ಮಾ ಯುವಾನ್ ಸುಮಾರು 1195ರಲ್ಲಿ ರಚಿಸಿದ ಚಿತ್ರವೊಂದರಲ್ಲಿ, ದೋಣಿಯಲ್ಲಿ ಕುಳಿತ ಬೆಸ್ತನ ಕೋಲಿನಲ್ಲಿ ಅದು ಕಾಣಿಸುತ್ತದೆ. ಇಂಗ್ಲೆಂಡಿನಲ್ಲಿ ಥಾಮಸ್ ಬಾರ್ಕರ್ ಎಂಬವನು 1651ರ ತನ್ನ ಪುಸ್ತಕದಲ್ಲಿ ಅದನ್ನು ಹೆಸರಿಸಿದ್ದಾನೆ. ಈ ಹಳೆಯ ರೀಲುಗಳು ಬಾವಿಯ ರಾಟೆಯಂತೆ ತಿರುಗುವ ಉರುಳೆಗಳು. ಗಾಳವನ್ನು ದೂರಕ್ಕೆ ಬೀಸಿದಾಗ ದಾರವು ಉರುಳೆಯನ್ನು ತಿರುಗಿಸುತ್ತಲೇ ಸಾಗಬೇಕು. ಇದರಿಂದ ಎರಡು ತೊಡಕುಗಳು ಹುಟ್ಟಿದವು. ನಿಂತ ಉರುಳೆಯ ಜಡತ್ವವನ್ನು ಮೀರಲು ಗಾಳದ ತುದಿಯಲ್ಲಿ ಸಾಕಷ್ಟು ಭಾರವಿರಬೇಕು. ಹಗುರವಾದ ಎರೆ ದೂರ ಹೋಗಲಾರದು. ಒಮ್ಮೆ ತಿರುಗಲಾರಂಭಿಸಿದ ಉರುಳೆಯಾದರೋ ಅದೇ ಜಡತ್ವದಿಂದ, ಎರೆ ನೀರಿಗೆ ಬಿದ್ದಮೇಲೂ ತಿರುಗುತ್ತ ದಾರವನ್ನು ಬಿಡಿಸಲಾಗದ ಸಿಕ್ಕು ಮಾಡುತ್ತದೆ.

ಸ್ಕಾಟ್ಲೆಂಡಿನ ಪರ್ತ್ ಪಟ್ಟಣದ ಪೀಟರ್ ಮಾಲಕ್ 1884ರಲ್ಲಿ ಇದಕ್ಕೊಂದು ಉಪಾಯ ಕಂಡುಹಿಡಿದನು. ಅವನ ರೀಲಿನಲ್ಲಿ ಬೀಸುವ ಮುನ್ನ ಉರುಳೆಯನ್ನು ಕಾಲು ಸುತ್ತು ಹೊರಳಿಸಿದರೆ ಅದರ ಅಂಚಿನಿಂದ ದಾರ ಸರಾಗವಾಗಿ ಜಾರುತ್ತಿತ್ತು. ಆದರೆ ಎಳೆದುಕೊಳ್ಳುವಾಗ ಉರುಳೆಯನ್ನು ಹಿಂದಿನಂತೆ ತಿರುಗಿಸಿಯೇ ಸುತ್ತಬೇಕಾಗಿತ್ತು. ಅಂಚಿನಿಂದ ಜಾರುವ ದಾರ ಸುತ್ತು ಸುತ್ತಿಗೂ ಒಂದು ಹುರಿಯನ್ನು ಪಡೆಯುತ್ತದೆ. ತಿರುಗುವ ಉರುಳೆ ಆ ಹುರಿಯನ್ನು ಕಳೆಯಲಾರದು. ಬೀಸಿದಷ್ಟೂ ಹುರಿ ಹೆಚ್ಚುತ್ತಿತ್ತು. ಹೀಗೆ ಅರ್ಧ ಬಗೆಹರಿದ ಸಮಸ್ಯೆ ಹೊಸದೊಂದು ಸಮಸ್ಯೆಯನ್ನು ತಂದೊಡ್ಡಿತು.

ಉಳಿದರ್ಧಕ್ಕೆ ಉತ್ತರ ದೊರೆತುದು ಇಂಗ್ಲೆಂಡಿನ ಬ್ರಾಡ್‌ಫರ್ಡಿನಲ್ಲಿ. ಅದು ಉಣ್ಣೆಯ ಗಿರಣಿಗಳ ಊರು. ಅಲ್ಲಿನ ಗಿರಣಿ ಮನೆತನದ ಆಲ್ಫ್ರೆಡ್ ಹೋಲ್ಡನ್ ಇಲಿಂಗ್‌ವರ್ತ್ 1905ರಲ್ಲಿ ಹೊಸ ರೀಲಿಗೆ ಪೇಟೆಂಟ್ ಪಡೆದನು. ಬಿಡುವಾಗಲೂ ಸುತ್ತುವಾಗಲೂ ಉರುಳೆ ನಿಂತೇ ಇರಲಿ, ಅದರ ಸುತ್ತ ದಾರವೇ ತಿರುಗಲಿ ಎಂಬುದು ಅದರ ತತ್ತ್ವ. ಸುತ್ತುವಾಗ ಒಂದು ಕಡೆಗೆ ಏರಿದ ಹುರಿ, ಜಾರುವಾಗ ಇನ್ನೊಂದು ಕಡೆಗೆ ಬಿಚ್ಚಿಕೊಳ್ಳುತ್ತದೆ. ಮೀನುಗಾರರನ್ನು ಬಹುಕಾಲ ಕಾಡಿದ ತೊಡಕಿಗೆ ನೂಲಿನ ಗಿರಣಿಯಲ್ಲಿ ಉತ್ತರವಿದ್ದಿತು.

ಈ ರೀಲು ಕೆಲಸಮಾಡುವ ಬಗೆ ಹೀಗಿದೆ. ಹಿಡಿಯನ್ನು ತಿರುಗಿಸಿದರೆ ಒಳಗಿನ ಹಲ್ಲುಚಕ್ರಗಳು ಆ ಚಲನೆಯ ದಿಕ್ಕನ್ನು ಬದಲಿಸಿ, ವೇಗವನ್ನು ಹೆಚ್ಚಿಸುತ್ತವೆ. ಇಂದಿನ ಸಾಮಾನ್ಯ ರೀಲುಗಳಲ್ಲಿ ಹಿಡಿ ಒಂದು ಸುತ್ತು ತಿರುಗಿದರೆ ಉರುಳೆಯ ಸುತ್ತಣ ಭಾಗ ಸುಮಾರು 5 ಸುತ್ತು ತಿರುಗುತ್ತದೆ. ಅದಕ್ಕೆ ಜೋಡಿಸಿದ ತಂತಿಯ ಬಳೆ ದಾರವನ್ನು ಹಿಡಿದು ಉರುಳೆಗೆ ಸುತ್ತುತ್ತದೆ. ದಾರ ಒಂದೆಡೆಯೇ ಗುಡ್ಡೆಯಾಗದಂತೆ ಉರುಳೆ ಮೆಲ್ಲನೆ ಹಿಂದಕ್ಕೂ ಮುಂದಕ್ಕೂ ಸರಿಯುತ್ತದೆ. ಬೀಸುವಾಗ ಬಳೆಯನ್ನು ಮಗುಚಿಟ್ಟರೆ ದಾರಕ್ಕೆ ತಡೆಯಿಲ್ಲ.

ಯುಕ್ತಿ ಸಿದ್ಧವಾದರೂ ತಕ್ಕ ದಾರ ಸಿದ್ಧವಿರಲಿಲ್ಲ. ಅಂದಿನ ರೇಷ್ಮೆದಾರ ನೆನೆದು ಕೊಳೆಯದಂತೆ, ಉಪಯೋಗಿಸಿದ ಮೇಲೆ ಅದನ್ನು ಒಣಗಿಸಿಡಬೇಕಾಗಿತ್ತು. 1938ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ನೈಲಾನನ್ನು ಪ್ರಕಟಿಸಿತು. ಅದರ ನುಣುಪಾದ ಒಂಟಿ ಎಳೆ ಈ ರೀಲಿಗೆ ಹೇಳಿಮಾಡಿಸಿದಂತಿತ್ತು. ಎರಡನೆಯ ಮಹಾಯುದ್ಧದ ಅನಂತರ ಫ್ರಾನ್ಸಿನ ಮಿಚೆಲ್ ಮೊದಲಾದ ರೀಲುಗಳು ದೇಶದೇಶಗಳಿಗೆ ಹರಡಿದವು.

ಉರುಳೆ ತಿರುಗದು ಎಂಬ ನಿಯಮಕ್ಕೆ ಒಂದು ಅಪವಾದವುಂಟು. ಉರುಳೆಯನ್ನು ಒತ್ತಿಹಿಡಿಯುವ ಕೆಲವು ಬಿಲ್ಲೆಗಳು ರೀಲಿನಲ್ಲಿರುತ್ತವೆ. ದೊಡ್ಡ ಮೀನು ಜಗ್ಗಿದಾಗ, ದಾರ ಹರಿಯುವ ಮೊದಲೇ ಬಿಲ್ಲೆಗಳ ಘರ್ಷಣೆಯನ್ನು ಮೀರಿ ಉರುಳೆ ತುಸು ತಿರುಗಿ ದಾರ ಬಿಡುತ್ತದೆ. ಮೀನು ಓಡುತ್ತ ಓಡುತ್ತ ದಣಿಯುತ್ತದೆ. ಈ ಬಿಗಿಯನ್ನು ತಿರುಪಿನಿಂದ ಮೊದಲೇ ಹದಗೊಳಿಸಬೇಕು. ಬಿಗಿ ಮಿತಿಮೀರಿದರೆ ದಾರ ಹರಿದು, ಬಾಯಲ್ಲಿ ಕೊಕ್ಕೆ ಹೊತ್ತ ಮೀನು ತಪ್ಪಿಸಿಕೊಂಡು ಹೋಗುತ್ತದೆ. ಹಿಡಿದವನಿಗೂ ನಷ್ಟ, ಮೀನಿಗೂ ಯಾತನೆ.

ಉರುಳೆಯನ್ನು ಹಗುರಗೊಳಿಸಿ ಇನ್ನಷ್ಟು ಸಲೀಸಾಗಿ ತಿರುಗಿಸಲು ಅನೇಕರು ಶ್ರಮಿಸಿದರು. ಅದು ತಿರುಗಲೇಬೇಕೆ ಎಂದು ಕೇಳಿದವರು ಕೆಲವರು ಮಾತ್ರ. ಆ ಪ್ರಶ್ನೆಗೆ ಪೂರ್ಣ ಉತ್ತರ ದೊರೆತದ್ದು ಹೊಳೆಯ ದಂಡೆಯ ಕಸುಬು ನೂಲಿನ ಕಸುಬಿನಿಂದ ಪಾಠ ಕಲಿತಾಗ.