ಮಂಗನಬಾವು: ಚಿನ್ನದ ಸರ ಹಾಕಿದರೆ ವಾಸಿಯಾಗುತ್ತದೆಯೇ?

"ಮಂಗನಬಾವು ಬಂದರೆ ಕುತ್ತಿಗೆಗೆ ಚಿನ್ನದ ಸರ ಹಾಕಿ, ಕೆನ್ನೆಗೆ ಲೇಪ ಹಚ್ಚಿ, ವಾರದಲ್ಲಿ ಮಾಯ!" ಈ ಮಾತನ್ನು ನಾವೆಲ್ಲ ಕೇಳಿದ್ದೇವೆ. ಇದು ನಿಜವೇ? ಬಾವು ಒಂದೆರಡು ವಾರದಲ್ಲಿ ಇಳಿಯುವುದೇನೋ ನಿಜ. ಆದರೆ ಅದನ್ನು ಇಳಿಸುವುದು ಚಿನ್ನವಲ್ಲ, ನಮ್ಮ ದೇಹದ ರೋಗನಿರೋಧಕ ಶಕ್ತಿ. ಸರ ಹಾಕದವರಿಗೂ ಅಷ್ಟೇ ದಿನಗಳಲ್ಲಿ ಇಳಿಯುತ್ತದೆ.

ಸರ ಹಾಕಿದ್ದರಿಂದ ಕೆಡುಕೇನೂ ಇಲ್ಲ. ಆದರೆ ಎಲ್ಲರ ಕಣ್ಣು ಕೆನ್ನೆಯ ಮೇಲೇ ಇದ್ದರೆ ನಿಜವಾದ ಅಪಾಯ ತಪ್ಪಿಹೋಗಬಹುದು.

ಅಪಾಯ ಎಲ್ಲಿದೆ?

ಮಂಗನಬಾವು ವೈರಸ್‌ನಿಂದ ಬರುವ ಸೋಂಕು. ಜೊಲ್ಲಿನ ಗ್ರಂಥಿಯಲ್ಲಷ್ಟೇ ಅಲ್ಲ, ಈ ವೈರಸ್ ಮೆದುಳಿನವರೆಗೂ ಹೋಗಬಲ್ಲದು. ಲಸಿಕೆ ಪಡೆಯದ ರೋಗಿಗಳಲ್ಲಿ 100ಕ್ಕೆ 10 ಮಂದಿಯವರೆಗೂ ಮೆದುಳಿನ ಪೊರೆಯ ಉರಿಯೂತ ಕಾಣಿಸಿಕೊಳ್ಳಬಹುದು. ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ. ಮೆದುಳಿಗೇ ಉರಿಯೂತವಾಗುವುದು ಅಪರೂಪ, ಆದರೆ ಪ್ರಾಣಕ್ಕೆ ಅಪಾಯ. ಕೆಲವರಿಗೆ ಒಂದು ಕಿವಿ ಶಾಶ್ವತವಾಗಿ ಕೇಳಿಸದಂತಾಗುತ್ತದೆ. ಚಿಕ್ಕ ಮಕ್ಕಳಿಗಿಂತ ಹದಿಹರೆಯದವರು ಮತ್ತು ದೊಡ್ಡವರಲ್ಲಿ ಇಂಥ ತೊಂದರೆಗಳು ಹೆಚ್ಚು. ಹುಡುಗರಿಗೆ ವೃಷಣದ ಊತವೂ ಬರಬಹುದು.

ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

- ತೀವ್ರ ತಲೆನೋವು, ಪದೇ ಪದೇ ವಾಂತಿ
- ಕತ್ತು ಬಿಗಿದು ಬಗ್ಗಿಸಲಾಗದಿರುವುದು
- ಅತಿಯಾದ ಮಂಪರು, ತಡಬಡ ಮಾತು, ಫಿಟ್ಸ್
- ಇದ್ದಕ್ಕಿದ್ದಂತೆ ಕಿವಿ ಕೇಳಿಸದಿರುವುದು
- ವೃಷಣದಲ್ಲಿ ನೋವು, ಊತ

ನೆನಪಿಡಿ: ಕೆನ್ನೆ ಊದದೆಯೂ ಮೆದುಳಿನ ಪೊರೆಯ ಉರಿಯೂತ ಬರಬಹುದು. ಬಾವು ಇಳಿಯುತ್ತಿದೆ ಎಂದು ತಲೆನೋವನ್ನು ಕಡೆಗಣಿಸಬೇಡಿ.

"ನಮ್ಮ ಮಗುವಿಗೆ ಲಸಿಕೆ ಆಗಿದೆಯಲ್ಲ?"

ತಾಯಿ ಕಾರ್ಡ್ ತೆಗೆದು ನೋಡಿ. ಸರ್ಕಾರ 2017ರಲ್ಲಿ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳಿಂದ ಶುರುಮಾಡಿದ ಅಭಿಯಾನದಲ್ಲಿ ಕೊಟ್ಟದ್ದು ಎಂಆರ್ ಲಸಿಕೆ. ಅದು ದಡಾರ ಮತ್ತು ರುಬೆಲ್ಲಾಗೆ ಮಾತ್ರ. ಮಂಗನಬಾವಿಗೆ ರಕ್ಷಣೆ ಇರುವುದು ಎಂಎಂಆರ್ ಲಸಿಕೆಯಲ್ಲಿ. ಒಂದು ಅಕ್ಷರದ ವ್ಯತ್ಯಾಸ, ಆದರೆ ಒಂದು ಇಡೀ ರೋಗದ ವ್ಯತ್ಯಾಸ. 2024ರ ಆರಂಭದಲ್ಲಿ ಪಕ್ಕದ ಕೇರಳದಲ್ಲಿ ಮಂಗನಬಾವು ಸಾವಿರಾರು ಜನರಿಗೆ ಹರಡಿತ್ತು. ಕಾರ್ಡಿನಲ್ಲಿ ಎಂಎಂಆರ್ ಇಲ್ಲದಿದ್ದರೆ, ಹದಿಹರೆಯದಲ್ಲೂ ಹಾಕಿಸಬಹುದೇ ಎಂದು ಮಕ್ಕಳ ವೈದ್ಯರನ್ನು ಕೇಳಿ.

ಮನೆಯಲ್ಲಿ ಏನು ಮಾಡಬೇಕು?

ಊತ ಶುರುವಾದ ಮೇಲೆ 5 ದಿನ ಶಾಲೆ, ಟ್ಯೂಷನ್ ಬೇಡ. ನೀರಿನ ಬಾಟಲಿ, ಲೋಟ ಹಂಚಿಕೊಳ್ಳಬಾರದು. ಮೆತ್ತಗಿನ ಊಟ, ಸಾಕಷ್ಟು ನೀರು ಕೊಡಿ. ಹುಳಿ ಪದಾರ್ಥ ತಿಂದರೆ ನೋವು ಹೆಚ್ಚುತ್ತದೆ. ಜ್ವರ, ನೋವಿಗೆ ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್ ಸಾಕು. ಮಕ್ಕಳಿಗೆ, ಹದಿಹರೆಯದವರಿಗೆ ಆಸ್ಪಿರಿನ್ ಕೊಡಬೇಡಿ. ವೈರಸ್‌ಗೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ.

ಮುಂದಿನ ಸಲ ಚಿನ್ನದ ಸರದ ಫಾರ್ವರ್ಡ್ ಬಂದರೆ, ಮೇಲಿನ ಲಕ್ಷಣಗಳ ಪಟ್ಟಿಯನ್ನು ಅದೇ ಗ್ರೂಪಿಗೆ ಕಳಿಸಿ.