ನಮ್ಮೂರ ಕಟ್ಟೆ ಎಲ್ಲಾರದೂ ಹೌದಾ?

ಸಂಜೆ ಆರಾದರೆ ಸಾಕು, ನಮ್ಮೂರು ಜಿಡಗಾದ ಬೇವಿನ ಮರದ ಕಟ್ಟೆ ತುಂಬುತ್ತದೆ. ಒಂದು ಬದಿ ಮುತ್ಯಾಗಳು ತೊಗರಿ ರೇಟು, ಮಳೆ, ಮಕ್ಕಳ ಮದುವೆ ಅಂತ ಮಾತಿಗಿಳಿದಿರುತ್ತಾರೆ. ಇನ್ನೊಂದು ಬದಿ ನಾವು. ಡಿಗ್ರಿ ಮುಗಿಸಿ, ಪಿಡಿಒ, ಎಫ್‌ಡಿಎ, ಪೊಲೀಸ್ ಕಾನ್‌ಸ್ಟೆಬಲ್ ಅಂತ ಕಂಡ ಕಂಡ ಹುದ್ದೆಗೆಲ್ಲ ಅರ್ಜಿ ಹಾಕಿ ಕಾಯುತ್ತಿರುವವರು. ನನ್ನ ಅರ್ಧ ಓದು ಆಗಿದ್ದೇ ಈ ಕಟ್ಟೆ ಮೇಲೆ.

ಈ ಸಲ ದೀಪಾವಳಿಗೆ ಬೆಂಗಳೂರಿನಿಂದ ಕಾಲೇಜು ಗೆಳೆಯನೊಬ್ಬ ಬಂದಿದ್ದ. ಅವನಿಗೆ ಪೋಕೆಮಾನ್ ಗೋ ಹುಚ್ಚು. ಕಟ್ಟೆ ಮೇಲೆ ಕುಂತವನೇ ಮೊಬೈಲ್ ತೆಗೆದು, ಒಂದು ನಿಮಿಷ ಬೆರಳಾಡಿಸಿ ಮುಖ ಸಪ್ಪಗೆ ಮಾಡಿದ. ‘ಏನಪಾ ಇದು, ನೀ ಇರೋ ಜಾಗ ಬರೇ ಹಸಿರು ಬಯಲು ತೋರಸ್ಲತ್ತದ. ಒಂದು ಸ್ಟಾಪೂ ಇಲ್ಲ!’

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಕುಂತಲ್ಲೇ ಆಡುವ ಗೇಮ್ ಅಲ್ಲ. ಜಿಪಿಎಸ್ ಹಾಕಿಕೊಂಡು ನಿಜವಾದ ಬೀದಿಯಲ್ಲಿ ನಡೆಯಬೇಕು. ಪ್ರತಿಮೆ, ಗುಡಿ, ಪಾರ್ಕು, ಗೋಡೆ ಚಿತ್ರ ಇಂಥವು ಆಟದ ನಕ್ಷೆಯಲ್ಲಿ ‘ಪೋಕೆಸ್ಟಾಪ್’ ಆಗಿರುತ್ತವೆ. ಅಲ್ಲಿಗೆ ಹೋದರೆ ಆಟಕ್ಕೆ ಬೇಕಾದ ಸಾಮಾನು ಸಿಗುತ್ತವೆ. ಆಟ ಶುರುವಾಗಿದ್ದು 2016ರ ಜುಲೈನಲ್ಲಿ. ಅದೇ ಡಿಸೆಂಬರಿನಲ್ಲಿ ಜಿಯೋ ಜೊತೆಗೂಡಿ ಭಾರತಕ್ಕೂ ಬಂತು. ಬರುವಾಗಲೇ ರಿಲಯನ್ಸ್ ಡಿಜಿಟಲ್ ಅಂಗಡಿಗಳು ಸ್ಟಾಪ್ ಆಗಿಬಿಟ್ಟಿದ್ದವು. ನಮ್ಮ ಕಟ್ಟೆಗಳಿಗೆ ಆ ಭಾಗ್ಯ ಬಂದಿರಲಿಲ್ಲ.

ಕಾರಣ ಸರಳ. ಈ ಜಾಗಗಳ ಪಟ್ಟಿಯ ಬಹುಪಾಲು 2012ರಲ್ಲಿ ಬಂದ ಇಂಗ್ರೆಸ್ ಎಂಬ ಹಳೆಯ ಆಟದಿಂದ ಬಂದದ್ದು. ಅದನ್ನು ಆಡುವವರು ತಮ್ಮ ಸುತ್ತಲಿನ ಜಾಗಗಳ ಫೋಟೊ ತೆಗೆದು ಕಳಿಸಿದ್ದರು. ಆಡುವವರು ಎಲ್ಲಿದ್ದರೋ ಅಲ್ಲಿ ಜಾಗಗಳು ಹುಟ್ಟಿದವು. ಅಮೆರಿಕದ ಅರ್ಬನ್ ಇನ್‌ಸ್ಟಿಟ್ಯೂಟ್ 2016ರಲ್ಲಿ ವಾಷಿಂಗ್ಟನ್ ನಗರದ ಲೆಕ್ಕ ತೆಗೆದಾಗ ಬಿಳಿಯರು ಹೆಚ್ಚಿರುವ ಬಡಾವಣೆಗಳಲ್ಲಿ ಸರಾಸರಿ 55 ಸ್ಟಾಪ್, ಕಪ್ಪು ಜನರು ಹೆಚ್ಚಿರುವ ಬಡಾವಣೆಗಳಲ್ಲಿ 19 ಸಿಕ್ಕವು. ಅಲ್ಲೇ ಹೀಗಾದರೆ ಜಿಡಗಾದ ಬೇವಿನ ಮರವನ್ನು ಯಾರು ಕೇಳಬೇಕು?

‘ನಾವೇ ಕಳಸೋಣು ಬಾ’ ಅಂದ ಗೆಳೆಯ. ಆಟದಲ್ಲಿ ಮೇಲಿನ ಹಂತ ಮುಟ್ಟಿದವರು ಹೊಸ ಜಾಗ ಸೂಚಿಸಬಹುದು. ಫೋಟೊ, ಹೆಸರು, ನಾಲ್ಕು ಸಾಲು ವಿವರ ಕೊಡಬೇಕು. ಬೇರೆ ಆಟಗಾರರು ಅದನ್ನು ನೋಡಿ ಹೌದು, ಅಲ್ಲ ಅನ್ನುತ್ತಾರೆ. ಜಾಗ ಕಾಯಂ ಆಗಿರಬೇಕು, ನಡೆದು ಹೋಗಲು ಸುರಕ್ಷಿತ ದಾರಿ ಇರಬೇಕು. ಯಾರದೋ ಮನೆ, ಹೊಲ, ಮಕ್ಕಳ ಶಾಲೆ ಆಗಿರಬಾರದು. ಜನ ಕೂಡಿ ಮಾತಾಡುವ ಜಾಗವಾದರೆ ಒಳ್ಳೆಯದು. ನಮ್ಮ ಕಟ್ಟೆಗಿಂತ ಜನ ಕೂಡಿ ಮಾತಾಡುವ ಜಾಗ ಇನ್ಯಾವುದಿದೆ! ಆದರೆ ಅದಕ್ಕೆ ಬೋರ್ಡಿಲ್ಲ, ಹೆಸರಿಲ್ಲ. ಸಾರ್ವಜನಿಕ ಜಾಗ ಅಂತ ತೋರಿಸುವುದು ಹೇಗೆ?

ಪಕ್ಕದಲ್ಲಿದ್ದ ಕಾಕಾನನ್ನೇ ಕೇಳಿದೆ: ‘ಕಾಕಾ, ಈ ಕಟ್ಟಿ ಯಾರದು?’

‘ಯಾರದೂ ಅಲ್ಲಪಾ, ಎಲ್ಲಾರದೂ’ ಅಂದ ಕಾಕಾ.

ಇದಕ್ಕಿಂತ ಚಂದದ ವಿವರಣೆ ಬೇಕಾ? ಫೋಟೊ ತೆಗೆದೆವು. ರಾತ್ರಿ ಕುಂತು ವಿವರ ಬರೆದು ಕೊಡುತ್ತೇನೆ ಅಂತ ಗೆಳೆಯನಿಗೆ ಹೇಳಿ ಮನೆಗೆ ಬಂದೆ.

ಮನೆಯಲ್ಲಿ ತಂಗಿ ಬಿ.ಎ. ಕೊನೆಯ ವರ್ಷ. ನಾನು ಬರೆದದ್ದನ್ನು ಓದಿ ನಕ್ಕಳು. ‘ಎಲ್ಲಾರದೂ ಅಂದ್ರ ಯಾರ‍್ಯಾರದಣ್ಣಾ? ನಾ ಹುಟ್ಟಿ ಇಪ್ಪತ್ತು ವರ್ಷ ಆಯ್ತು, ಒಂದಿನಾನೂ ಅದರ ಮ್ಯಾಲ ಕುಂತಿಲ್ಲ.’

ನಾನು ಸೋಲಲಿಲ್ಲ. ‘ಕುಂದ್ರೋದು ಬ್ಯಾಡ. 80 ಮೀಟರ್ ದೂರ ನಿಂತ್ರೂ ಆಟದಾಗ ಸ್ಟಾಪ್ ಸಿಗ್ತದ’ ಅಂದೆ. ಅದು ನಿಜ. ಕೊರೊನಾ ಕಾಲದಲ್ಲಿ 40 ಮೀಟರ್ ಇದ್ದದ್ದನ್ನು 80ಕ್ಕೆ ಏರಿಸಿ, 2021ರಲ್ಲಿ ಹಾಗೇ ಕಾಯಂ ಮಾಡಿದರು.

‘80 ಮೀಟರ್ ದೂರದಿಂದ ನಾವು ಮೊದಲಿಂದಾನೂ ನೋಡ್ಲತ್ತೇವಲ್ಲ’ ಅಂದಳು. ನನ್ನ ಬಾಯಿ ಕಟ್ಟಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ಸಂವಿಧಾನದ 15ನೇ ವಿಧಿಯ 2ನೇ ಉಪವಿಧಿಯನ್ನು ನಾನು ಬಾಯಿಪಾಠ ಮಾಡಿದ್ದು ಅದೇ ಕಟ್ಟೆ ಮೇಲೆ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಕಾರಣಕ್ಕೆ ಅಂಗಡಿ, ಹೋಟೆಲ್‌ಗಳಿಗೆ, ಬಾವಿ, ಕೆರೆ, ರಸ್ತೆ, ಸಾರ್ವಜನಿಕರ ಬಳಕೆಗೆ ಬಿಟ್ಟ ಜಾಗಗಳಿಗೆ ಯಾರನ್ನೂ ತಡೆಯುವಂತಿಲ್ಲ. ಪರೀಕ್ಷೆಯಲ್ಲಿ ಬಂದರೆ ಎರಡು ಮಾರ್ಕ್ಸ್ ಗ್ಯಾರಂಟಿ. ಆದರೆ ಬಾಯಿಪಾಠ ಮಾಡುವಾಗ ನನ್ನ ಸುತ್ತ ಯಾರಿದ್ದಾರೆ, ಯಾರಿಲ್ಲ ಅಂತ ಒಮ್ಮೆಯೂ ತಲೆ ಎತ್ತಿ ನೋಡಿರಲಿಲ್ಲ. ನಮ್ಮ ಗುಂಪಿನಲ್ಲೇ ಒಬ್ಬ ಗೆಳೆಯ ದಿನಾ ಬರುತ್ತಾನೆ, ಬೈಕ್ ಮೇಲೆಯೇ ಕುಂತು ಮಾತಾಡಿ ಹೋಗುತ್ತಾನೆ. ಅವನಿಗೆ ಕಟ್ಟೆ ಮೇಲೆ ಕೂಡಬೇಡ ಅಂತ ಯಾರೂ ಅಂದಿಲ್ಲ. ಬಾ, ಕೂಡು ಅಂತ ನಾನೂ ಅಂದಿಲ್ಲ. ಹಳ್ಳಿ ಕಟ್ಟೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಜಾಗ ಎಲ್ಲರದೂ ಅಂತ ಬರೆದ ಮಾತ್ರಕ್ಕೆ ಎಲ್ಲರದೂ ಆಗುವುದಿಲ್ಲ. ಬಾಂಬೆ ಶಾಸನಸಭೆ 1923ರಲ್ಲೇ ಸಾರ್ವಜನಿಕ ಕೆರೆ, ಬಾವಿಗಳು ಎಲ್ಲರಿಗೂ ಮುಕ್ತ ಅಂತ ನಿರ್ಣಯ ಮಾಡಿತ್ತು. ಮಹಾಡ್ ಪುರಸಭೆಯೂ ಚವದಾರ ಕೆರೆಯನ್ನು ಮುಕ್ತ ಅಂತ ಸಾರಿತ್ತು. ಆದರೂ 1927ರ ಮಾರ್ಚ್ 20ರಂದು ಅಂಬೇಡ್ಕರ್ ಅವರು ಸಾವಿರಾರು ಜನರೊಂದಿಗೆ ನಡೆದುಹೋಗಿ ಆ ನೀರು ಕುಡಿದು ತೋರಿಸಬೇಕಾಯಿತು.

ಇನ್ನೊಂದು ಮುಖವೂ ಇದೆ. ನಕ್ಷೆಗೆ ಸೇರಿಸುವುದೇ ದೊಡ್ಡ ಉಪಕಾರ ಅಂದುಕೊಳ್ಳಬಾರದು. ಪೂಜಾಸ್ಥಳಗಳಲ್ಲಿ ಆಟದ ಮೊಟ್ಟೆ ಕಾಣಿಸುವುದು ಭಕ್ತರ ಭಾವನೆಗೆ ಧಕ್ಕೆ ಅಂತ 2016ರಲ್ಲಿ ಗುಜರಾತ್ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಗಿತ್ತು. ಅಮೆರಿಕದಲ್ಲಿ ಮನೆ ಮುಂದೆ ಅಪರಿಚಿತರು ಬಂದು ನಿಲ್ಲುತ್ತಾರೆ ಅಂತ ಮನೆ ಮಾಲೀಕರು ಕೇಸು ಹಾಕಿದ್ದರು. ನಾಳೆ ನಮ್ಮ ಕಟ್ಟೆಗೂ ಪರಊರ ಹುಡುಗರು ಮೊಬೈಲ್ ಹಿಡಿದು ಬರಬಹುದು. ಮುತ್ಯಾಗಳು ಅವರಿಗೆ ಸರಿದು ಜಾಗ ಕೊಡುತ್ತಾರೋ, ‘ಯಾವೂರಪಾ, ಯಾರ ಪೈಕಿ?’ ಅಂತ ಕೇಳುತ್ತಾರೋ? ಹಾಗಾಗಿ ಇಲ್ಲಿ ಕೂಡುವವರನ್ನೂ ಒಂದು ಮಾತು ಕೇಳಬೇಕಲ್ಲವೇ?

ಮರುದಿನ ಗೆಳೆಯನಿಗೆ ‘ಈಗ್ಲೇ ಕಳಸಬ್ಯಾಡ’ ಅಂದೆ. ಅವನಿಗೆ ಸಿಟ್ಟು ಬಂತು. ‘ಒಂದು ಆಟಕ್ಕ ಇಷ್ಟೆಲ್ಲಾ ಯಾಕ ವಿಚಾರ ಮಾಡ್ತಿ?’ ಅಂದ. ಅವನ ಮಾತಿನಲ್ಲೂ ಅರ್ಥ ಇದೆ. ಊರು ಪೂರ್ತಿ ಸುಧಾರಿಸುವ ತನಕ ಕಾಯ್ದರೆ ಯಾವ ಕಟ್ಟೆಯೂ ನಕ್ಷೆಗೆ ಬರುವುದಿಲ್ಲ. ಆದರೆ ‘ಯಾರು ಬೇಕಾದರೂ ಇಲ್ಲಿ ಬಂದು ನಿಲ್ಲಬಹುದಾ?’ ಅಂತ ಆಟ ಕೇಳುವ ಪ್ರಶ್ನೆ ಒಳ್ಳೆಯದು. ಅದಕ್ಕೆ ನಾನು ಸುಳ್ಳು ಉತ್ತರ ಬರೆಯಲು ತಯಾರಿರಲಿಲ್ಲ.

ಅಂದು ಸಂಜೆ ಬೈಕ್ ಮೇಲಿದ್ದ ಗೆಳೆಯನಿಗೆ ‘ಇಲ್ಲಿ ಬಾರಲೇ’ ಅಂತ ಸರಿದು ಜಾಗ ಕೊಟ್ಟೆ. ಒಂದು ಗಳಿಗೆ ನನ್ನ ಮುಖ ನೋಡಿ, ಬಂದು ಕುಂತ. ಯಾರೂ ಏನೂ ಅನ್ನಲಿಲ್ಲ. ಇಷ್ಟು ಸುಲಭದ ಕೆಲಸಕ್ಕೆ ಇಷ್ಟು ವರ್ಷ ಬೇಕಾಯಿತಲ್ಲ ಅಂತ ನಾಚಿಕೆಯಾಯಿತು.

ಮುಂದಿನ ವಾರ ಮಧ್ಯಾಹ್ನ, ಕಟ್ಟೆ ಖಾಲಿ ಇದ್ದಾಗ, ತಂಗಿ ಮತ್ತು ಅವಳ ಗೆಳತಿ ಪುಸ್ತಕ ಹಿಡಿದು ಅಲ್ಲಿ ಹೋಗಿ ಕುಂತರು. ಮುತ್ಯಾ ಒಬ್ಬರು ಬಂದು, ನಿಂತು ನೋಡಿ, ‘ಏನ್ ಓದ್ಲತ್ತೀರವ್ವಾ?’ ಅಂತ ಕೇಳಿ ಇನ್ನೊಂದು ಬದಿ ಕುಂತರಂತೆ. ಸಂಜೆ ಹೊತ್ತಿಗೆ ಇನ್ನೂ ಅವರು ಬಂದಿಲ್ಲ.

ಫೋಟೊ ಗೆಳೆಯನ ಮೊಬೈಲ್‌ನಲ್ಲಿದೆ. ತಂಗಿ ಸಂಜೆಯೂ ಅಲ್ಲಿ ಕೂಡುವ ದಿನ ವಿವರ ಬರೆದು ಕಳಿಸುತ್ತೇನೆ. ಅಂದಹಾಗೆ, ನಿಮ್ಮೂರ ಕಟ್ಟೆ ಮೇಲೆ ಯಾರ‍್ಯಾರು ಕೂಡುತ್ತಾರೆ? ಇವತ್ತು ಸಂಜೆ ಒಮ್ಮೆ ಮೊಬೈಲ್‌ನಿಂದ ತಲೆ ಎತ್ತಿ ನೋಡಿ.