ಓರ್ಬಸ್ಸಾನೋದಿಂದ ಬಳ್ಳಾರಿಗೆ

1885ರಲ್ಲಿ ಜನ್ಮತಾಳಿದ ಕಾಂಗ್ರೆಸ್ ಮಹಾಸಭೆಯು ಇದುವರೆಗೆ ಐವರು ಸ್ತ್ರೀಯರನ್ನು ಮಾತ್ರ ತನ್ನ ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿರುವುದಷ್ಟೆ. ಅವರಲ್ಲಿ ಮೂವರು, ಎಂದರೆ 1917ರ ಆನಿ ಬೆಸೆಂಟ್, 1933ರ ನೆಲ್ಲಿ ಸೇನ್‌ಗುಪ್ತಾ ಮತ್ತು 1998ರ ಸೋನಿಯಾ ಗಾಂಧಿ, ಭರತಖಂಡದ ಹೊರಗೆ ಹುಟ್ಟಿದವರು. ಮೊದಲಿನ ಇಬ್ಬರ ಜನ್ಮಭೂಮಿಯು, ಯಾವ ದೇಶದ ಆಳ್ವಿಕೆಯನ್ನು ಕೊನೆಗಾಣಿಸಲು ಆ ಸಂಸ್ಥೆ ಹೆಣಗುತ್ತಿದ್ದಿತೋ ಆ ಇಂಗ್ಲೆಂಡೇ ಆಗಿದ್ದರೂ, ಅಧ್ಯಕ್ಷತೆಗೆ ಅದು ಅಡ್ಡಿಯಾಗಲಿಲ್ಲ. ಸ್ವರಾಜ್ಯ ಬಂದು ಅರ್ಧ ಶತಮಾನ ಕಳೆದ ಮೇಲೆ ಮೂರನೆಯವರ ಜನ್ಮಸ್ಥಾನವು ರಾಷ್ಟ್ರವ್ಯಾಪಿಯಾದ ವಿವಾದಕ್ಕೆ ಕಾರಣವಾಯಿತು.

ಈ ಮೂರನೆಯವರು 1946ರ ಡಿಸೆಂಬರ್ 9ರಂದು ಇಟಲಿಯ ವಿಚೆಂಜಾ ಪ್ರಾಂತದ ಲುಸಿಯಾನಾ ಗ್ರಾಮದಲ್ಲಿ ಜನಿಸಿ, ತೂರಿನ್ ನಗರದ ಬಳಿಯ ಓರ್ಬಸ್ಸಾನೋದಲ್ಲಿ ಬೆಳೆದವರು. ಇಂಗ್ಲಿಷ್ ಕಲಿಯಲೆಂದು ಕೇಂಬ್ರಿಜ್‌ಗೆ ಹೋದಾಗ 1965ರಲ್ಲಿ ಅವರಿಗೆ ರಾಜೀವ ಗಾಂಧಿಯವರ ಪರಿಚಯವಾಯಿತು. (ನೆಲ್ಲಿ ಸೇನ್‌ಗುಪ್ತಾ ಅವರ ಹುಟ್ಟೂರು ಇದೇ ಕೇಂಬ್ರಿಜ್ ಎಂಬುದು ಇತಿಹಾಸದ ಒಂದು ವಿನೋದ.) 1968ರ ಫೆಬ್ರುವರಿ 25ರಂದು ವಿವಾಹವಾಗಿ ದೆಹಲಿಗೆ ಬಂದ ಅವರು ಅತ್ತೆಯ ಮನೆಯ ರಾಜಕೀಯದಿಂದ ದೂರವಿದ್ದು, ವಿಮಾನಚಾಲಕನಾದ ಪತಿಯೊಡನೆ ಗೃಹಕೃತ್ಯದಲ್ಲಿ ನಿರತರಾಗಿದ್ದರು. ಮೈದುನ ಸಂಜಯ ಗಾಂಧಿಯವರ ಅಕಾಲಮರಣದ ತರುವಾಯ ಪತಿಯು ರಾಜಕೀಯ ಪ್ರವೇಶಿಸುವುದನ್ನು ಅವರು ತೀವ್ರವಾಗಿ ವಿರೋಧಿಸಿದ್ದುಂಟು. ಭಾರತದ ಪೌರತ್ವವನ್ನು ಪಡೆದದ್ದು 1983ರ ಏಪ್ರಿಲ್‌ನಲ್ಲಿ. ವಿವಾಹದಿಂದ ಪೌರತ್ವದವರೆಗಿನ ಆ ಹದಿನೈದು ವರ್ಷಗಳ ವಿಳಂಬವನ್ನು ಅವರ ಟೀಕಾಕಾರರು ಮುಂದೆ ಎಂದಿಗೂ ಮರೆಯಲಿಲ್ಲ, ಮರೆಯಲೂ ಬಿಡಲಿಲ್ಲ.

1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವರ ಹತ್ಯೆಯಾದೊಡನೆ ಪಕ್ಷದ ಕಾರ್ಯಸಮಿತಿಯು ಸೋನಿಯಾ ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿತು; ಅವರು ಒಪ್ಪಲಿಲ್ಲ. ಆರೇಳು ವರ್ಷಗಳ ಮೌನದ ಬಳಿಕ, ಪಕ್ಷವು ಕ್ಷೀಣಿಸುತ್ತಿದ್ದ ಕಾಲದಲ್ಲಿ, 1997ರಲ್ಲಿ ಸದಸ್ಯರಾಗಿ 1998ರ ಮಾರ್ಚಿನಲ್ಲಿ ಅಧ್ಯಕ್ಷರಾದರು.

ಜನ್ಮಸ್ಥಾನದ ಪ್ರಶ್ನೆಯು ಪಕ್ಷದ ಒಳಗಿನಿಂದಲೇ ಎದ್ದದ್ದು 1999ರ ಮೇ ತಿಂಗಳಿನಲ್ಲಿ. ಅದನ್ನೆತ್ತಿದವರಲ್ಲಿ ಪ್ರಮುಖರು ಪುಣೆ ಜಿಲ್ಲೆಯ ಬಾರಾಮತಿಯ ಶರದ್ ಪವಾರರು. ಪಿ. ಎ. ಸಂಗ್ಮಾ ಮತ್ತು ತಾರಿಕ್ ಅನ್ವರ್ ಅವರೊಡನೆ ಸೇರಿ, ರಾಷ್ಟ್ರಪತಿ, ಉಪರಾಷ್ಟ್ರಪತಿ, ಪ್ರಧಾನಿ ಪದವಿಗಳು ಭಾರತದಲ್ಲಿ ಹುಟ್ಟಿದವರಿಗೆ ಮಾತ್ರ ಮೀಸಲಾಗುವಂತೆ ಸಂವಿಧಾನವನ್ನು ತಿದ್ದಬೇಕೆಂದು ಅವರು ಪತ್ರ ಬರೆದರು. ಉಚ್ಚಾಟಿತರಾಗಿ ಜೂನ್ 10ರಂದು ರಾಷ್ಟ್ರವಾದಿ ಕಾಂಗ್ರೆಸ್ಸನ್ನು ಸ್ಥಾಪಿಸಿದರು. ಅಮೆರಿಕದ ಸಂವಿಧಾನವು ಜನ್ಮತಃ ಪೌರನಾದವನಿಗಷ್ಟೇ ಅಧ್ಯಕ್ಷಪದವಿಯನ್ನು ಕೊಡುವುದು ನಿಜವಾದರೂ, ನಮ್ಮ ಸಂವಿಧಾನಕರ್ತರು ಅಂಥ ಭೇದವನ್ನು ಮಾಡಿರಲಿಲ್ಲ. ಇಂದು ಪುಣೆಯ ಈ ಖರಾಡಿಯಲ್ಲಿ ಕುಳಿತು ಅದನ್ನು ನೆನೆಯುವ ಕನ್ನಡಿಗನಿಗೆ ಆ ವಾದವು ವಿಚಿತ್ರವಾಗಿ ಪರಿಚಿತವೆನಿಸುತ್ತದೆ. ಹಿಂದೆ ಹೊಲಗಳಿದ್ದ ಹಳ್ಳಿಯು ಗಣಕೋದ್ಯಮದ ಗಾಜಿನ ಸೌಧಗಳಿಂದ ತುಂಬಿಹೋಗಿರುವ ಈ ಬಡಾವಣೆಯಲ್ಲಿ, ಎಷ್ಟು ವರ್ಷ ನೆಲೆಸಿದವನಿಗೂ ‘ನಿಮ್ಮದು ಮೂಲತಃ ಯಾವ ಊರು?’ ಎಂಬ ಪ್ರಶ್ನೆ ತಪ್ಪಿದ್ದಲ್ಲ.

ಆ ವಾದಕ್ಕೆ ಮತದಾರರ ಮುಂದೆ ಪರೀಕ್ಷೆ ನಡೆದದ್ದು ಕನ್ನಡ ನಾಡಿನಲ್ಲಿ. ಅತ್ತೆ ಇಂದಿರಾ ಗಾಂಧಿಯವರು 1978ರಲ್ಲಿ ಚಿಕ್ಕಮಗಳೂರಿನ ಮೂಲಕ ಲೋಕಸಭೆಗೆ ಮರಳಿದ್ದರಷ್ಟೆ. ಸೊಸೆಯು 1999ರ ಆಗಸ್ಟಿನಲ್ಲಿ, ಅಮೇಥಿಯ ಜೊತೆಗೆ, 1952ರಿಂದ ಕಾಂಗ್ರೆಸ್ಸಿನ ಕೈಬಿಡದಿದ್ದ ಬಳ್ಳಾರಿಯನ್ನು ಆರಿಸಿಕೊಂಡರು. ಕ್ಷೇತ್ರದ ಹೆಸರನ್ನು ಕಡೆಯ ಗಳಿಗೆಯವರೆಗೆ ಗುಟ್ಟಾಗಿಟ್ಟಿದ್ದರೂ ಭಾರತೀಯ ಜನತಾ ಪಕ್ಷವು ಸುಷ್ಮಾ ಸ್ವರಾಜರನ್ನು ಅಲ್ಲಿಗೆ ಧಾವಿಸುವಂತೆ ಮಾಡಿತು. ‘ವಿದೇಶೀ ಸೊಸೆ, ಸ್ವದೇಶೀ ಮಗಳು’ ಎಂಬುದು ಪ್ರಚಾರದ ಪಲ್ಲವಿಯಾಯಿತು. ಸುಷ್ಮಾ ಅವರು ಅತ್ಯಲ್ಪ ಕಾಲದಲ್ಲಿ ಕನ್ನಡವನ್ನು ಕಲಿತು ಕನ್ನಡದಲ್ಲಿಯೇ ಭಾಷಣ ಮಾಡಿದ್ದನ್ನು ಆ ಜಿಲ್ಲೆಯ ಹಿರಿಯರು ಇಂದಿಗೂ ಮೆಚ್ಚಿ ಹೇಳುವುದುಂಟು. ಆದರೆ ನನಗೆ ತೋರುವ ಮಾತೊಂದಿದೆ: ಹರಿಯಾಣದ ಅಂಬಾಲಾದ ಮಗಳೂ ದೆಹಲಿಯ ಸೊಸೆಯೂ ಬಳ್ಳಾರಿಗೆ ಸಮಾನವಾಗಿಯೇ ಪರಸ್ಥಳದವರು. ಸ್ವತಃ ಆ ಜಿಲ್ಲೆಯೇ 1953ರ ಅಕ್ಟೋಬರ್ 1ರವರೆಗೆ ಮದರಾಸಿನಲ್ಲಿದ್ದು, ಆದೋನಿ, ಆಲೂರು, ರಾಯದುರ್ಗಗಳನ್ನು ಆಂಧ್ರಕ್ಕೆ ಬಿಟ್ಟು, ಉಳಿದ ತಾಲ್ಲೂಕುಗಳೊಡನೆ ಮೈಸೂರು ರಾಜ್ಯವನ್ನು ಸೇರಿದ್ದು. ಕನ್ನಡ ತೆಲುಗುಗಳೆರಡನ್ನೂ ಒಂದೇ ಸಂತೆಯಲ್ಲಿ ಆಡುವ ಜನರಿಗೆ, ಯಾರು ಒಳಗಿನವರು ಯಾರು ಹೊರಗಿನವರೆಂಬ ತರ್ಕವು ದೆಹಲಿಯಿಂದ ಬಂದು ಕಲಿಸಬೇಕಾದ ಹೊಸ ಪಾಠವಾಗಿರಲಿಲ್ಲ.

ಸೋನಿಯಾ ಗಾಂಧಿಯವರು 56,000ಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ರಾಷ್ಟ್ರದಲ್ಲಿ ಪಕ್ಷವು 114 ಸ್ಥಾನಗಳಿಗೆ ಇಳಿದ ವರ್ಷವದು. ಅದೇ ವರ್ಷ ಕರ್ನಾಟಕದಲ್ಲಿ ಅದಕ್ಕೆ 132 ವಿಧಾನಸಭಾ ಸ್ಥಾನಗಳು ಬಂದು ಎಸ್. ಎಂ. ಕೃಷ್ಣ ಮುಖ್ಯಮಂತ್ರಿಗಳಾದರು. ಗೆದ್ದವರಾದರೋ ಅಮೇಥಿಯನ್ನು ಉಳಿಸಿಕೊಂಡು ಬಳ್ಳಾರಿಗೆ ರಾಜೀನಾಮೆ ಕೊಟ್ಟರು; ಸೋತವರು ಅನೇಕ ವರ್ಷಗಳ ಕಾಲ ಶ್ರಾವಣದಲ್ಲಿ ವರಮಹಾಲಕ್ಷ್ಮಿಯ ಪೂಜೆಗೆ ಬಳ್ಳಾರಿಗೆ ತಪ್ಪದೆ ಬಂದರು. ಮತ ಕೊಟ್ಟವರು ಪ್ರತಿನಿಧಿಯನ್ನು ಕಳೆದುಕೊಂಡರೆಂಬ ಅಸಮಾಧಾನವು ಅನ್ಯಾಯವೆಂದು ಯಾರು ಹೇಳಬಲ್ಲರು? 2004ರಲ್ಲಿ ಆ ಕ್ಷೇತ್ರವು ಮೊದಲ ಬಾರಿ ಕಾಂಗ್ರೆಸ್ಸಿನ ಕೈತಪ್ಪಿತು.

ಅದೇ 2004ರಲ್ಲಿ ಪಕ್ಷವು 145 ಸ್ಥಾನಗಳೊಡನೆ ಅಧಿಕಾರಕ್ಕೆ ಸಮೀಪಿಸಿದಾಗ, ಸೋನಿಯಾ ಪ್ರಧಾನಿಯಾದರೆ ತಲೆ ಬೋಳಿಸಿಕೊಳ್ಳುವೆನೆಂದು ಸುಷ್ಮಾ ಸ್ವರಾಜರು ಶಪಥ ಮಾಡಿದರು. ಸೋನಿಯಾ ಗಾಂಧಿಯವರು ಮೇ 18ರಂದು ಆ ಪದವಿಯನ್ನು ನಿರಾಕರಿಸಿ ಮನಮೋಹನ ಸಿಂಗರಿಗೆ ಬಿಟ್ಟುಕೊಟ್ಟರು. ಇದನ್ನು ತ್ಯಾಗವೆಂದವರೂ, ಹೊಣೆಯಿಲ್ಲದ ಅಧಿಕಾರವೆಂದವರೂ ಉಂಟು. ಅವರ ಅಧ್ಯಕ್ಷತೆಯ ರಾಷ್ಟ್ರೀಯ ಸಲಹಾ ಮಂಡಳಿಯಲ್ಲಿ ರೂಪುಗೊಂಡ ಚಿಂತನೆಯು ಮಾಹಿತಿ ಹಕ್ಕು ಮತ್ತು ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಗಳಲ್ಲಿ ಫಲಿಸಿತು. ಉದ್ಯೋಗ ಖಾತರಿಯು 2006ರ ಫೆಬ್ರುವರಿಯಲ್ಲಿ ಆರಂಭವಾದದ್ದು ಬಳ್ಳಾರಿಯ ನೆರೆಯ ಅನಂತಪುರ ಜಿಲ್ಲೆಯಲ್ಲಿ.

ಬಾರಾಮತಿಯ ಕಥೆ ಮತ್ತೂ ಸ್ವಾರಸ್ಯವಾದುದು. ಜನ್ಮಸ್ಥಾನದ ಕಾರಣಕ್ಕೆ ಬೇರ್ಪಟ್ಟ ಪಕ್ಷವು ಕೆಲವೇ ತಿಂಗಳುಗಳಲ್ಲಿ, 1999ರ ಅಕ್ಟೋಬರಿನಲ್ಲಿಯೇ, ಮಹಾರಾಷ್ಟ್ರದಲ್ಲಿ ಕಾಂಗ್ರೆಸ್ಸಿನೊಡನೆ ಸೇರಿ ವಿಲಾಸರಾವ್ ದೇಶಮುಖರ ಮಂತ್ರಿಮಂಡಲವನ್ನು ರಚಿಸಿತು. 2004ರಲ್ಲಿ ಪವಾರರು ಸೋನಿಯಾ ಅವರ ಮೈತ್ರಿಕೂಟದ ಸರಕಾರದಲ್ಲಿಯೇ ಕೇಂದ್ರ ಕೃಷಿಮಂತ್ರಿಗಳಾದರು. ಸಂವಿಧಾನಕ್ಕೆ ಅವರು ಬೇಡಿದ ತಿದ್ದುಪಡಿ ಬರಲೇ ಇಲ್ಲ. 2017ರವರೆಗೆ ಎಡೆಬಿಡದೆ, 2019ರಿಂದ ಮತ್ತೆ ಹಂಗಾಮಿಯಾಗಿ, ಪಕ್ಷವನ್ನು ನಡೆಸಿದ ಸೋನಿಯಾ ಗಾಂಧಿಯವರು 2022ರ ಅಕ್ಟೋಬರಿನಲ್ಲಿ ಅಧ್ಯಕ್ಷಪೀಠವನ್ನು ಒಪ್ಪಿಸಿದ್ದು ಕನ್ನಡಿಗರೇ ಆದ ಮಲ್ಲಿಕಾರ್ಜುನ ಖರ್ಗೆಯವರಿಗೆ. ತಾವು 2024ರಲ್ಲಿ ರಾಜಸ್ಥಾನದಿಂದ ರಾಜ್ಯಸಭೆಗೆ ಆರಿಸಿ ಬಂದರು.